ಬಾಯಿ ಬಿಡದ ಏಳು ದಿನ

ನನ್ನ ಚಿಕ್ಕಮ್ಮ ಇಡೀ ಕಾಲೇಜಿಗೇ ಮೊದಲನೆಯವಳಾಗಿ ಪಾಸಾದಾಗ ನನಗೆ ಏಳು ವರ್ಷ. ರಸಾಯನಶಾಸ್ತ್ರದಲ್ಲಿ ಅವಳಿಗೆ ಬಂದ ಪದಕಕ್ಕೆ ತಾತ ಗಾಜಿನ ಚೌಕಟ್ಟು ಹಾಕಿಸಿ, ಬಾಗಿಲು ದಾಟಿ ಬಂದವರ ಕಣ್ಣಿಗೆ ಮೊದಲು ಬೀಳುವ ಗೋಡೆಗೆ ತೂಗುಹಾಕಿದ್ದ. ಹಾಲಿನವನಿಂದ ಹಿಡಿದು ಮೀಟರು ಓದಲು ಬರುವವನವರೆಗೆ ಯಾರೇ ಬಂದರೂ ತಾತ ಮಾತನ್ನು ಹೇಗೋ ತಿರುಗಿಸಿ ಆ ಗೋಡೆಯ ಮುಂದೆಯೇ ತಂದು ನಿಲ್ಲಿಸುತ್ತಿದ್ದ. "ಕರೆಂಟ್ ಬಿಲ್ ಕೊಡೋಕೆ ಬಂದವನೂ ನಮ್ಮನೇಲಿ ರಸಾಯನಶಾಸ್ತ್ರ ಕಲಿತೇ ಹೋಗ್ಬೇಕು," ಎಂದು ಅಜ್ಜಿ ಅಡುಗೆಮನೆಯಿಂದಲೇ ಗೊಣಗುತ್ತಿದ್ದಳು.

ಅಪ್ಪನಿಗೆ ದೂರದ ಊರಿನಲ್ಲಿ ಕೆಲಸವಿದ್ದುದರಿಂದ ನಾನೂ ಅಮ್ಮನೂ ತಾತನ ಮನೆಯಲ್ಲೇ ಇದ್ದೆವು. ಚಿಕ್ಕಮ್ಮನದೂ ನನ್ನದೂ ಒಂದೇ ಕೋಣೆ. ಕಾಲೇಜು ಮುಗಿದ ಮೇಲಿನ ಎರಡು ವರ್ಷ ಅವಳು ಮಂಚದ ಮೇಲೆ ಕಾಲು ಮಡಿಸಿ ಕೂತು ಅರ್ಜಿ ಬರೆದದ್ದೇ ಬರೆದದ್ದು. ದೊಡ್ಡ ದೊಡ್ಡ ಸಂಶೋಧನಾಲಯಗಳ ಹೆಸರನ್ನು ನಾನು ಅಕ್ಷರ ಕೂಡಿಸಿ ಓದಿದ್ದು ಅವಳ ಲಕೋಟೆಗಳ ಮೇಲೆಯೇ. ಸಂದರ್ಶನವಿದ್ದ ದಿನ ಇಸ್ತ್ರಿ ಮಾಡಿದ ನೀಲಿ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದಳು. ಬಂದವಳು ಅದನ್ನು ಮತ್ತೆ ಮಡಿಸಿಡುತ್ತಿದ್ದಳು.

"ಅನುಭವ ಇದೆಯಾ ಅಂತ ಕೇಳ್ತಾರೆ ಅಕ್ಕಾ," ಎಂದಳು ಒಂದು ಸಲ ಅಮ್ಮನ ಹತ್ತಿರ. "ಇವರು ಕೆಲಸಾನೇ ಕೊಡದೆ ನಾನು ಅನುಭವ ಎಲ್ಲಿಂದ ತರ್ಲಿ? ಅಂಗಡೀಲಿ ತೂಕಕ್ಕೆ ಸಿಗುತ್ತಾ?"

ಕೊನೆಗೆ ಅಮ್ಮನೇ ಎಲ್ಲೋ ಗೋಡೆಗೆ ಅಂಟಿಸಿದ್ದ ಚೀಟಿ ನೋಡಿ ಬಂದು ಹೇಳಿದಳು: ನಾಲ್ಕು ರಸ್ತೆ ಕೂಡುವ ಕಡೆ ಚೀಲದ ಅಂಗಡಿಯ ಮೇಲಿರುವ ರಕ್ತ ಪರೀಕ್ಷೆಯ ಲ್ಯಾಬಿಗೆ ಪದವಿ ಓದಿದವರು ಬೇಕಂತೆ. ಚಿಕ್ಕಮ್ಮನ ಮುಖ ಸಪ್ಪಗಾಯಿತು. ತಾತ ಆ ದಿನ ಪದಕದ ಗಾಜು ಒರೆಸಲಿಲ್ಲ. ಆದರೂ, ಸುಮ್ಮನೆ ಕೂರುವುದಕ್ಕಿಂತ ಒಂದು ವರ್ಷ ಇಲ್ಲಿ ಅನುಭವ ಗಿಟ್ಟಿಸಿಕೊಂಡು ಆಮೇಲೆ ದೊಡ್ಡ ಕಡೆ ಹೋದರಾಯಿತು ಎಂದುಕೊಂಡು ಅವಳು ಸೇರಿದಳು.

ಆ ಲ್ಯಾಬನ್ನು ನಾನೂ ನೋಡಿದ್ದೇನೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕಾದಂಥ ಕಿರಿದಾದ ಮೆಟ್ಟಿಲು. ಮೇಲೆ ಹನ್ನೊಂದು ಪ್ಲಾಸ್ಟಿಕ್ ಕುರ್ಚಿಗಳ ಹಜಾರ. ಪರದೆಯ ಆಚೆ, ಕೈ ಚಾಚಿ ಇಡಲು ಹಲಗೆ ಕೂಡಿಸಿದ ಎರಡು ಕುರ್ಚಿಗಳು. ಒಳಕೋಣೆಯಲ್ಲಿ ರಕ್ತಕಣ ಎಣಿಸುವ ಯಂತ್ರ, ಒಂದು ಸೂಕ್ಷ್ಮದರ್ಶಕ, ಬಾಗಿಲಿಗೆ ಉಷ್ಣತೆಯ ಹಾಳೆ ಅಂಟಿಸಿದ ಫ್ರಿಜ್ಜು. ಕೊನೆಯಲ್ಲಿ ಗಾಜಿನ ಬಾಗಿಲಿನ ಹಿಂದೆ ಲ್ಯಾಬಿನ ಯಜಮಾನರಾದ ಡಾಕ್ಟರು.

ಮತ್ತೆ, ಸೊಳ್ಳೆ ಮೇಷ್ಟ್ರು.

ಆ ಹೆಸರನ್ನು ಯಾವುದೋ ಮಗು ಇಟ್ಟಿತ್ತಂತೆ. ಸೂಜಿ ಚುಚ್ಚಿದ್ದೂ ತಿಳಿಯದೆ, ರಕ್ತ ಹೋದದ್ದೂ ತಿಳಿಯದೆ ಅದು "ಸೊಳ್ಳೆ ಕಡಿದ ಹಾಗಿತ್ತು" ಎಂದು ಹೇಳಿದ್ದೇ ತಡ, ಹೆಸರು ಊರೆಲ್ಲ ಹಬ್ಬಿತು. ಹೊಸಬರಿಗೆ ಕೆಲಸ ಕಲಿಸುತ್ತಿದ್ದುದರಿಂದ ಮೇಷ್ಟ್ರು ಎನ್ನುವುದು ಆಮೇಲೆ ಕೂಡಿಕೊಂಡಿತು. ಐವತ್ತೆಂಟರ ಸಣಕಲು ಮನುಷ್ಯ. ಹತ್ತನೆಯ ತರಗತಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಈಗಿನ ಡಾಕ್ಟರ ತಂದೆಯ ಕಾಲದಲ್ಲಿ ಬಾಟಲಿ ತೊಳೆಯಲು ಬಂದವರು, ನೋಡುತ್ತಾ ನೋಡುತ್ತಾ ಎಲ್ಲವನ್ನೂ ಕಲಿತಿದ್ದರು. ಸೂಕ್ಷ್ಮದರ್ಶಕದ ಮುಂದೆ ಕೂತರೆ ಡಾಕ್ಟರೇ ಬಂದು, "ಇದೇನು ಮೇಷ್ಟ್ರೇ, ಒಂದ್ಸಲ ನೋಡಿ," ಎಂದು ಕೇಳುತ್ತಿದ್ದರು. ಕೈಯಲ್ಲಿ ಒಂದು ಸರ್ಟಿಫಿಕೇಟೂ ಇರಲಿಲ್ಲ.

ಮೊದಲ ದಿನವೇ ಅವರು ಚಿಕ್ಕಮ್ಮನಿಗೆ ಎರಡು ಮಾತು ಹೇಳಿದರು.

"ನೋಡಮ್ಮ, ಕುರ್ಚಿಗೆ ಬಂದು ಕೂತವರನ್ನ 'ನೀವು ಇಂಥವರಾ' ಅಂತ ಕೇಳ್ಬೇಡ. ಹೆದರಿದವರು ಏನು ಕೇಳಿದ್ರೂ ಹೂಂ ಅಂತಾರೆ. 'ನಿಮ್ಮ ಹೆಸರೇನು' ಅಂತ ಕೇಳು. ಅವರ ಬಾಯಿಂದಾನೇ ಬರ್ಲಿ. ಇನ್ನೊಂದು. ಟ್ಯೂಬಿಗೆ ರಕ್ತ ಬಂದ ಮೇಲೆ, ಅವರು ಎದ್ದು ಹೋಗೋ ಮೊದಲು, ಅವರ ಎದುರೇ ಹೆಸರು ಬರೆದು ಅಂಟಿಸು. ಮುಂಚೆ ಬರೆದು ಇಟ್ಕೋಬಾರದು, ಆಮೇಲೆ ಬರೆದ್ರಾಯ್ತು ಅಂತಲೂ ಬಿಡಬಾರದು."

ಚಿಕ್ಕಮ್ಮ ಮನೆಗೆ ಬಂದು ಅಮ್ಮನ ಮುಂದೆ ನಕ್ಕದ್ದು ನನಗೆ ನೆನಪಿದೆ. "ಪದವಿ ತಗೊಂಡು ಬಂದವಳಿಗೆ ಹತ್ತನೇ ಕ್ಲಾಸ್ ಫೇಲಾದವರು ಹೆಸರು ಬರೆಯೋದು ಹೇಳಿಕೊಡ್ತಾರೆ!" ಅವಳ ನಗುವಿನಲ್ಲಿ ಕೆಟ್ಟತನ ಇರಲಿಲ್ಲ. ಆದರೆ ಅವಳು ಆ ಲ್ಯಾಬಿಗೆ ಬಂದ ನೆಂಟಳ ಹಾಗಿದ್ದಳು. ಕಣ್ಣೆಲ್ಲ ಬೇರೆಲ್ಲೋ.

ಕೆಲಸದಲ್ಲಿ ಚುರುಕು. ಸೇರಿದ ಆರು ತಿಂಗಳಿಗೇ, ಮೇಷ್ಟ್ರು ಮೂವರ ರಕ್ತ ತೆಗೆಯುವಷ್ಟರಲ್ಲಿ ಅವಳು ಐವರದನ್ನು ತೆಗೆದು ಮುಗಿಸುತ್ತಿದ್ದಳು. ಆ ಚುರುಕಿನ ಗುಟ್ಟು ಏನೆಂದರೆ, ಬೆಳಗ್ಗೆ ಚೀಟಿ ಬರೆಸಿದವರ ಹೆಸರುಗಳನ್ನೆಲ್ಲ ಮೊದಲೇ ಬರೆದು, ಟ್ಯೂಬುಗಳಿಗೆ ಅಂಟಿಸಿ, ಸರದಿಯಂತೆ ಸಾಲಾಗಿ ಜೋಡಿಸಿಟ್ಟುಕೊಳ್ಳುವುದು. ಮೇಷ್ಟ್ರು ಎರಡು ಸಲ ಗದರಿದರು. ಮೂರನೆಯ ಸಲ ಗಾಜಿನ ಬಾಗಿಲು ತೆರೆದು ಬಂದ ಡಾಕ್ಟರು, "ಬಿಡಿ ಮೇಷ್ಟ್ರೇ, ಹುಡುಗಿ ಚೆನ್ನಾಗಿ ಮಾಡ್ತಿದ್ದಾಳೆ. ಜನ ಕಾಯೋದು ಕಮ್ಮಿ ಆಗಿದೆ," ಎಂದರು. ಮೇಷ್ಟ್ರು ಆಮೇಲೆ ಏನೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ಅವರು ಮುಂದೆ ತಮ್ಮನ್ನೇ ಬೈದುಕೊಂಡರಂತೆ.

ಆ ಬೆಳಗ್ಗೆ ಹಜಾರದಲ್ಲಿ ಕುರ್ಚಿ ಸಾಲದೆ ಜನ ಮೆಟ್ಟಿಲವರೆಗೆ ನಿಂತಿದ್ದರು. ಚಿಕ್ಕಮ್ಮನ ಸರದಿಯಲ್ಲಿ ಒಬ್ಬಳು ಶಾಲಾ ಶಿಕ್ಷಕಿ, ಮದುವೆ ಗೊತ್ತಾಗಿದ್ದವಳು. ಅವಳ ಹಿಂದೆ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಐವತ್ತರ ಹೆಂಗಸು. ಖಾಲಿ ಹೊಟ್ಟೆಯಲ್ಲಿ ಬಂದಿದ್ದ ಆಕೆಗೆ ಕಣ್ಣು ಕತ್ತಲೆ ಬಂದಂತಾಗಿ ಗೋಡೆ ಹಿಡಿದುಕೊಂಡಾಗ ಶಿಕ್ಷಕಿ ಎದ್ದು, "ಅಮ್ಮಾ, ನೀವು ಮೊದಲು ಹೋಗಿ, ನನಗೇನೂ ಅವಸರ ಇಲ್ಲ," ಎಂದು ತನ್ನ ಸರದಿ ಬಿಟ್ಟುಕೊಟ್ಟಳು. ಪರದೆಯ ಒಳಗಿದ್ದ ಚಿಕ್ಕಮ್ಮನ ಕಿವಿಗೆ ಈ ಮಾತು ಬಿತ್ತು. ಆದರೆ ತಲೆಗೆ ಹೋಗಲಿಲ್ಲ. ಕೂತ ಹೆಂಗಸನ್ನು, ಟ್ಯೂಬಿನ ಮೇಲಿದ್ದ ಶಿಕ್ಷಕಿಯ ಹೆಸರು ಹೇಳಿ, "ಅಲ್ವಾ?" ಎಂದು ಕೇಳಿದಳು. ತಲೆ ಸುತ್ತುತ್ತಿದ್ದ ಆಕೆ ಹೂಂ ಎಂದಳು. ಹಿಂದೆ ಬಂದ ಶಿಕ್ಷಕಿಯ ಹೆಸರನ್ನಂತೂ ಕೇಳಲೇ ಇಲ್ಲ; ಅವಳ ರಕ್ತ ಆ ಹೆಂಗಸಿನ ಹೆಸರಿನ ಟ್ಯೂಬಿಗೆ ಹೋಯಿತು. ಅಷ್ಟೇ ಆದದ್ದು. ಒಂದು ಒಳ್ಳೆಯತನ, ಒಂದು ಅವಸರ.

ಆ ಮಧ್ಯಾಹ್ನ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದ ಮೇಷ್ಟ್ರು ಬಹಳ ಹೊತ್ತು ತಲೆಯೆತ್ತಲಿಲ್ಲ. ಡಾಕ್ಟರನ್ನು ಕರೆದರು. ಇಬ್ಬರೂ ನೋಡಿದರು. ರಕ್ತದ ಕ್ಯಾನ್ಸರು. ವರದಿ ಶಿಕ್ಷಕಿಯ ಮನೆ ಸೇರಿತು. ಅವಳ ಮನೆಯಲ್ಲಿ ಮೂರು ದಿನ ಒಲೆ ಹೊತ್ತಲಿಲ್ಲವಂತೆ. ನಾಲ್ಕನೆಯ ದಿನ ದೊಡ್ಡ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದರೆ ಅವಳಿಗೆ ಏನೂ ಇಲ್ಲ! ಅವಳ ಅಣ್ಣ ಲ್ಯಾಬಿನ ಮೆಟ್ಟಿಲು ದಡದಡ ಹತ್ತಿ ಬಂದು ಕೂಗಾಡಿದ. ಡಾಕ್ಟರು ಕೈ ಮುಗಿದರು. ಯಂತ್ರದ ದೋಷ ಎಂದರು. ಅವನು ಹೋದ ಮೇಲೆ ಉಸಿರು ಬಿಟ್ಟು, "ಸದ್ಯ, ಪೊಲೀಸು ಗಿಲೀಸು ಅನ್ಲಿಲ್ಲ. ಇದನ್ನ ಇಲ್ಲಿಗೆ ಬಿಟ್ಬಿಡೋಣ," ಎಂದರು.

"ಬಿಡೋದು ಹೇಗೆ ಸಾರ್?" ಎಂದರು ಮೇಷ್ಟ್ರು. "ಸ್ಲೈಡು ನಾವಿಬ್ಬರೂ ನೋಡಿದ್ದೀವಿ. ಹೆಸರು ಸುಳ್ಳಾಗಿರಬಹುದು, ರಕ್ತ ಸುಳ್ಳಲ್ಲ. ಆ ರಕ್ತ ಯಾರ ಮೈಯಲ್ಲಿದೆಯೋ ಅವರು 'ನನಗೇನೂ ಇಲ್ಲ' ಅಂತ ಈ ಊರಲ್ಲಿ ಓಡಾಡ್ತಿದ್ದಾರೆ."

ಪಕ್ಕದಲ್ಲೇ ನಿಂತಿದ್ದ ಚಿಕ್ಕಮ್ಮನಿಗೆ ಆಗ, ಆ ಕ್ಷಣಕ್ಕೆ, "ನೀವು ಮೊದಲು ಹೋಗಿ, ನನಗೇನೂ ಅವಸರ ಇಲ್ಲ" ಎಂಬ ಮಾತು ಕಿವಿಯಲ್ಲಿ ಕೇಳಿಸಿತಂತೆ. ಯಾರ ರಕ್ತ ಎಂದು ಅವಳಿಗೆ ಗೊತ್ತಾಗಿಹೋಯಿತು. ಬಾಯಿ ಬಿಟ್ಟು ಒಂದು ಹೆಸರು ಹೇಳಿದ್ದರೆ ಸಾಕಿತ್ತು.

ಅವಳು ಹೇಳಲಿಲ್ಲ.

ಏಕೆಂದರೆ ಅದೇ ವಾರ ಒಂದು ದೊಡ್ಡ ಸಂಶೋಧನಾಲಯದಿಂದ ಅವಳಿಗೆ ಸಂದರ್ಶನದ ಕರೆ ಬಂದಿತ್ತು. ಎರಡು ವರ್ಷ ಕಾಯ್ದ ಕರೆ. ಜೊತೆಗೆ ಕೆಲಸದ ಬಗ್ಗೆ ಡಾಕ್ಟರ ಶಿಫಾರಸು ಪತ್ರ ಬೇಕಿತ್ತು. ಡಾಕ್ಟರು ಬರೆದುಕೊಡುತ್ತೇನೆ ಎಂದಿದ್ದರು, ಇನ್ನೂ ಸಹಿ ಹಾಕಿರಲಿಲ್ಲ. ನಾಳೆ ಹೇಳಿದರಾಯಿತು, ಸಹಿ ಬೀಳಲಿ ಎಂದುಕೊಂಡಳು. ಸಹಿ ಬಿತ್ತು. ಸಂದರ್ಶನ ಮುಗಿಯಲಿ ಎಂದುಕೊಂಡಳು. ಹೇಗೂ ಮೇಷ್ಟ್ರು ಹುಡುಕುತ್ತಿದ್ದಾರಲ್ಲ, ಸಿಕ್ಕೇ ಸಿಗುತ್ತಾರೆ ಎಂದೂ ಅಂದುಕೊಂಡಳು. ಮನಸ್ಸಿಗೆ ಸಬೂಬು ಹೇಳಲು ಬಂದರೆ ಅದರಷ್ಟು ಜಾಣ ವಕೀಲ ಯಾರೂ ಇಲ್ಲ.

ಮೇಷ್ಟ್ರು ನಿಜವಾಗಿಯೂ ಹುಡುಕುತ್ತಿದ್ದರು. ಆ ಬೆಳಗ್ಗೆ ಅದೇ ಪರೀಕ್ಷೆಗೆ ರಕ್ತ ಕೊಟ್ಟವರು ಹತ್ತೊಂಬತ್ತು ಜನ. ಆ ಪಟ್ಟಿಯನ್ನು ಒಂದು ಹಾಳೆಗೆ ಇಳಿಸಿಕೊಂಡು, ದಿನಾ ಕೆಲಸ ಮುಗಿದ ಮೇಲೆ, ಒಂದು ಚಪ್ಪಟೆ ಡಬ್ಬಿಯಲ್ಲಿ ಸೂಜಿ ಟ್ಯೂಬು ಇಟ್ಟುಕೊಂಡು ಮನೆಮನೆ ಅಲೆದರು. ಕೆಲವರು ಬಾಗಿಲಲ್ಲೇ ಬೈದು ಕಳಿಸಿದರು. ಕೆಲವರು, "ಒಂದ್ಸಲ ಹೀರಿದ್ದು ಸಾಲ್ದಾ ಸೊಳ್ಳೆ ಮೇಷ್ಟ್ರೇ?" ಎಂದು ನಕ್ಕು ಕೈ ಚಾಚಿದರು. ಮರುದಿನ ಬೆಳಗ್ಗೆ ಮೇಷ್ಟ್ರು ಬಂದು, "ನಿನ್ನೆ ಮೂರು ಮನೆ ಆಯ್ತಮ್ಮ, ಯಾರಿಗೂ ಇಲ್ಲ," ಎಂದು ಹೆಸರಿನ ಮೇಲೆ ಗೀಟು ಹಾಕುವಾಗ ಚಿಕ್ಕಮ್ಮ ಟ್ಯೂಬುಗಳನ್ನು ಎಣಿಸುವವಳಂತೆ ಬೆನ್ನು ತಿರುಗಿಸುತ್ತಿದ್ದಳು. ಒಮ್ಮೆ ಅವರು, "ಆವತ್ತು ನಿನ್ನ ಕುರ್ಚಿಗೆ ಬಂದವರಲ್ಲಿ ಏನಾದ್ರೂ ಏರುಪೇರು ಆಗಿತ್ತಾ, ನೆನಪು ಮಾಡ್ಕೊ," ಎಂದು ಕೇಳಿದರು. "ಇಲ್ಲ ಮೇಷ್ಟ್ರೇ," ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಕೇಳದಿದ್ದರೂ, "ನಾನು ಎಲ್ಲರ ಹೆಸರೂ ಕೇಳೇ ತಗೊಂಡಿದ್ದು," ಎಂದೂ ಸೇರಿಸಿದಳು. ಮೇಷ್ಟ್ರು ಒಂದು ಗಳಿಗೆ ಅವಳ ಮುಖ ನೋಡಿ, ಹಾಳೆ ಮಡಿಸಿ ಜೇಬಿಗಿಟ್ಟುಕೊಂಡರು.

ಗುಂಡಿ ಹೊಲಿಯುವಾಕೆಯ ವಿಳಾಸ ಅರ್ಧಂಬರ್ಧ ಇತ್ತು. ಅದಕ್ಕೇ ಅವರು ಆಕೆಯನ್ನು ಕೊನೆಗೆ ಇಟ್ಟುಕೊಂಡಿದ್ದರು. ಹುಡುಕಿ ಹುಡುಕಿ, ಕಾರ್ಖಾನೆಯ ಬಾಗಿಲಲ್ಲಿ ಕಾದು ನಿಂತು ಆಕೆಯನ್ನು ಕಂಡಾಗ ಹುಡುಕಾಟದ ಏಳನೆಯ ದಿನ. ಆಕೆಯ ತೋಳಿನ ಮೇಲೆಲ್ಲ ನೀಲಿ ಕಲೆ. ಒಸಡಿನಲ್ಲಿ ರಕ್ತ. "ವರದಿ ಚೆನ್ನಾಗಿದೆ ಅಂದ್ರಲ್ಲ, ಸುಸ್ತಿಗೆ ಟಾನಿಕ್ ಕುಡೀತಿದ್ದೀನಿ," ಎಂದಳಂತೆ ಆಕೆ.

ಅದೇ ದಿನ ಚಿಕ್ಕಮ್ಮ ನೀಲಿ ಬಟ್ಟೆ ಹಾಕಿಕೊಂಡು ಸಂದರ್ಶನದ ಕೋಣೆಯಲ್ಲಿ ಕೂತಿದ್ದಳು. ಆ ಕೆಲಸ ಅವಳಿಗೆ ಸಿಗಲಿಲ್ಲ. ಎರಡು ವಾರದ ಮೇಲೆ ಒಂದು ಸಾಲಿನ ಪತ್ರ ಬಂತು.

ಗುಂಡಿ ಹೊಲಿಯುವಾಕೆಯನ್ನು ಆಸ್ಪತ್ರೆಗೆ ಸೇರಿಸಿದ ಮರುದಿನ ಡಾಕ್ಟರು ಇಬ್ಬರನ್ನೂ ಗಾಜಿನ ಬಾಗಿಲ ಹಿಂದೆ ಕರೆದರು. ಆಕೆಯ ಮಗಳು ಲ್ಯಾಬಿಗೆ ಬಂದು, ಇದಕ್ಕೆ ಯಾರು ಕಾರಣ ಎಂದು ತಿಳಿಯಬೇಕು ಎಂದು ಪಟ್ಟು ಹಿಡಿದಿದ್ದಳು.

"ಆವತ್ತು ಆ ಇಬ್ಬರ ರಕ್ತ ತೆಗೆದದ್ದು ಯಾರು?" ಡಾಕ್ಟರು ಕೇಳಿದರು. ಯಾರು ಯಾರ ರಕ್ತ ತೆಗೆದರು ಎಂದು ಬರೆದಿಡುವ ಪದ್ಧತಿ ಆ ಲ್ಯಾಬಿನಲ್ಲಿ ಇರಲಿಲ್ಲ.

ಮೇಷ್ಟ್ರು ಚಿಕ್ಕಮ್ಮನ ಕಡೆಗೆ ನೋಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಕೆಳಗೆ ರಸ್ತೆಯಲ್ಲಿ ಒಂದು ಲಾರಿ ಹಿಂದಕ್ಕೆ ಸರಿಯುತ್ತಿತ್ತು. ಅದು ಪೂರ್ತಿ ತಿರುಗಿ ಹೊರಟುಹೋಗುವವರೆಗೆ ಅವರು ಕಾದರು. ಅವಳಿಗಾಗಿಯೇ ಕಾದರು ಎಂದು ಅವಳಿಗೆ ಗೊತ್ತಿತ್ತು.

"ನಾನೇ ಇರ್ಬೇಕು ಸಾರ್," ಎಂದರು ಮೇಷ್ಟ್ರು. "ವಯಸ್ಸಾಯ್ತು. ಕಣ್ತಪ್ಪಿದೆ."

ಮೂವತ್ತೊಂದು ವರ್ಷದ ಕೆಲಸ ಅವತ್ತಿಗೆ ಮುಗಿಯಿತು. ಅವರು ತಮ್ಮ ಕೋಟನ್ನು ಮಡಿಸಿ, ಕನ್ನಡಕದ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲ ಬಳಿ ಬಂದಾಗ ಚಿಕ್ಕಮ್ಮ ಅಳುತ್ತಾ ಹಿಂದೆ ಓಡಿದಳು. ಬೈಯುತ್ತಾರೆ, ಇಲ್ಲವೇ ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದಳು. ಅವರು ಎರಡನ್ನೂ ಮಾಡಲಿಲ್ಲ.

"ಫ್ರಿಜ್ಜಿನ ಬಾಗಿಲು ಸರಿಯಾಗಿ ಕೂರಲ್ಲ, ಸಂಜೆ ಹೋಗೋವಾಗ ಒತ್ತಿ ನೋಡು," ಎಂದು ಹೇಳಿ ಇಳಿದು ಹೋದರು.

ಗುಂಡಿ ಹೊಲಿಯುವಾಕೆ ಎರಡು ತಿಂಗಳು ಬದುಕಿದ್ದಳು. ವಾರ ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಚಿಕ್ಕಮ್ಮ ಆ ಆಸ್ಪತ್ರೆಯ ಡಾಕ್ಟರೊಬ್ಬರನ್ನು, ಯಾರದೋ ಕತೆ ಎಂಬಂತೆ ಕೇಳಿದ್ದಳು. "ಹೇಳೋಕಾಗಲ್ಲ. ಈ ಕಾಯಿಲೆ ಅಂಥದು. ಉಳೀತಿರಲಿಲ್ಲ ಅಂತಲೂ ಹೇಳೋಕಾಗಲ್ಲ," ಎಂದರು ಅವರು. ಕೊಂದೆ ಎಂದು ಅಳುವಂತಿಲ್ಲ, ಕೊಲ್ಲಲಿಲ್ಲ ಎಂದು ನಿದ್ದೆ ಮಾಡುವಂತಿಲ್ಲ.

ಮೇಷ್ಟ್ರ ಜಾಗಕ್ಕೆ ಚಿಕ್ಕಮ್ಮ ಬಂದಳು. ಮನೆಯಲ್ಲಿ ತಾತ ಖುಷಿಪಟ್ಟ. ಸೇರಿದ ವರ್ಷದೊಳಗೇ ಹಿರಿಯ ತಂತ್ರಜ್ಞೆ ಎಂದರೆ ಸಣ್ಣ ಮಾತೇ? ಅವಳು ಮಾತ್ರ ತಟ್ಟೆಯಲ್ಲಿ ಅನ್ನ ಕಲಸುತ್ತಾ ಕೂತುಬಿಡುತ್ತಿದ್ದಳು. ನನಗೆ ಲೆಕ್ಕ ಹೇಳಿಕೊಡುವಾಗ ಮೊದಲೆಲ್ಲ ಹರಟುತ್ತಿದ್ದವಳು, ಈಗ ನಾನು ತಪ್ಪು ಮಾಡಿ ರಬ್ಬರಿನಿಂದ ಒರೆಸಿದರೆ ಗಕ್ಕನೆ ಕೈ ಹಿಡಿಯುತ್ತಿದ್ದಳು. "ಒರೆಸ್ಬೇಡ. ತಪ್ಪು ಅಂತ ಬರೆದು ಪಕ್ಕದಲ್ಲಿ ಸರಿ ಮಾಡು." ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು.

ಮೇಷ್ಟ್ರು ಆಮೇಲೆ ನಾಲ್ಕಾರು ಲ್ಯಾಬುಗಳ ಬಾಗಿಲು ತಟ್ಟಿದರು. ಎಲ್ಲ ಕಡೆಯೂ ಸರ್ಟಿಫಿಕೇಟು ಕೇಳಿದರು. ಅದಕ್ಕಿಂತ ಮೊದಲು ಸುದ್ದಿ ಅಲ್ಲಿಗೆ ಮುಟ್ಟಿರುತ್ತಿತ್ತು. ಕೊನೆಗೆ ಒಂದು ಔಷಧಿ ಅಂಗಡಿಯ ಹಿಂಭಾಗದಲ್ಲಿ ರಟ್ಟಿನ ಪೆಟ್ಟಿಗೆ ಬಿಚ್ಚಿ ಜೋಡಿಸುವ ಕೆಲಸ ಹಿಡಿದರು. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆಯ ಮನೆ ಅವರದು. ಚಿಕ್ಕಮ್ಮ ಹಣ್ಣು ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಬಾಗಿಲು ತೆರೆಯುವ ಮೇಷ್ಟ್ರ ಹೆಂಡತಿ, "ನೋಡಿ, ನಿಮ್ಮ ಶಿಷ್ಯೆ ಬಂದಿದ್ದಾಳೆ. ನೀವು ಕಲಿಸಿದ್ದನ್ನ ಅವಳಾದ್ರೂ ನೆಟ್ಟಗೆ ಮಾಡ್ತಿದ್ದಾಳೆ, ನಿಮ್ಮ ಹಾಗೆ ಅಲ್ಲ," ಎಂದು ಗಂಡನನ್ನು ಕುಟುಕುತ್ತಾ ಟೀ ಇಡಲು ಹೋಗುತ್ತಿದ್ದರು. ಆಕೆಯ ಬೆನ್ನು ಮರೆಯಾದ ಕೂಡಲೇ ಚಿಕ್ಕಮ್ಮ, "ಮೇಷ್ಟ್ರೇ, ಅಮ್ಮಾವ್ರಿಗಾದ್ರೂ ಹೇಳಿಬಿಡ್ತೀನಿ," ಎನ್ನುತ್ತಿದ್ದಳು.

"ಹೇಳಿ? ಅವಳು ನಿನ್ನನ್ನ ಬೈತಾಳೆ, ಆಮೇಲೆ ನನ್ನನ್ನೂ ಬೈತಾಳೆ. ಈಗ ಒಬ್ಬನಿಗೇ ಬೀಳ್ತಿದೆ, ಸರಾಗವಾಗಿದೆ," ಎಂದು ಮೇಷ್ಟ್ರು ನಗುತ್ತಿದ್ದರು.

ಒಂದೇ ಒಂದು ಸಲ ಅವರು ನಗದೆ ಮಾತಾಡಿದರು. "ಹೆಸರು ತಪ್ಪಿದ್ದಕ್ಕೆ ನನಗೆ ನಿನ್ನ ಮೇಲೆ ಕೋಪ ಇಲ್ಲ. ನನ್ನ ಕೈಯಲ್ಲೂ ತಪ್ಪಾಗಿದೆ. ಆದ್ರೆ ನಾನು ಮನೆಮನೆ ಅಲೀತಿದ್ದಾಗ ನಿನಗೆ ಗೊತ್ತಿತ್ತಾ?"

ಚಿಕ್ಕಮ್ಮ ತಲೆ ಬಗ್ಗಿಸಿದಳು. ಅವರು ಮುಂದೆ ಕೇಳಲಿಲ್ಲ. ಹಾಗಾದರೆ ಇವಳಿಗಾಗಿ ಏಕೆ ತಲೆ ಕೊಟ್ಟರು? ಆ ಪ್ರಶ್ನೆಗೆ ಉತ್ತರ ಅವಳಿಗೆ ಕೊನೆಗೂ ಸಿಗಲಿಲ್ಲ. ಮಕ್ಕಳಿಲ್ಲದ ಮನುಷ್ಯ, ಅದಕ್ಕೇ ಇರಬಹುದು ಎಂದು ಅಮ್ಮ ಹೇಳುತ್ತಾಳೆ. ತಾನು ಮೂರನೆಯ ಸಲ ಗದರದೆ ಬಿಟ್ಟೆನಲ್ಲ ಎಂಬ ಕೊರಗು ಇರಬಹುದು ಎಂದು ನನಗೆ ಅನಿಸುತ್ತದೆ.

ನಾಲ್ಕು ವರ್ಷದ ಮೇಲೆ ಮೇಷ್ಟ್ರು ಹಾಸಿಗೆ ಹಿಡಿದರು. ಮೂತ್ರಪಿಂಡ ಕೈಕೊಟ್ಟಿತ್ತು. ವಾರಕ್ಕೊಮ್ಮೆ ಚಿಕ್ಕಮ್ಮನೇ ಮನೆಗೆ ಹೋಗಿ ಅವರ ರಕ್ತ ತೆಗೆಯುತ್ತಿದ್ದಳು. ಒಣಗಿದ ತೋಳಿನಲ್ಲಿ ನರವೇ ಸಿಗುತ್ತಿರಲಿಲ್ಲ.

"ನೋವಾಯ್ತಾ ಮೇಷ್ಟ್ರೇ?"

"ಆಯ್ತಮ್ಮ. ಸುಳ್ಳು ಯಾಕೆ ಹೇಳ್ಲಿ," ಎಂದು ಅವರು ತೋಳು ಉಜ್ಜಿಕೊಂಡರು. ಆ ತಿಂಗಳ ಕೊನೆಯಲ್ಲಿ ತೀರಿಕೊಂಡರು.

ಅವರಿದ್ದಾಗ ಅವರ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೇನೆ ಎಂದು ಚಿಕ್ಕಮ್ಮ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಈಗ ಆ ನೆಪವೂ ಹೋಯಿತು. ಹತ್ತು ದಿನ ಕಳೆದ ಮೇಲೆ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

"ಸಾರ್, ಆ ತಪ್ಪು ಮೇಷ್ಟ್ರದಲ್ಲ. ನನ್ನದು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೇಳಿದರು: "ಸತ್ತವರು ಸತ್ತರು. ಮುಗಿದದ್ದನ್ನ ಈಗ ಕೆದಕಿದ್ರೆ ಲ್ಯಾಬಿನ ಹೆಸರು ಮತ್ತೆ ಬೀದಿಗೆ ಬರುತ್ತೆ. ನೀನು ನನ್ನತ್ರ ಏನೂ ಹೇಳಿಲ್ಲ, ನಾನು ಏನೂ ಕೇಳಿಲ್ಲ. ಹೋಗು, ಹೊರಗೆ ಜನ ಕಾಯ್ತಿದ್ದಾರೆ."

ಅವಳು ಹೊರಗೆ ಬಂದು, ಕಾಯುತ್ತಿದ್ದ ಜನರ ರಕ್ತವನ್ನೆಲ್ಲ ತೆಗೆದು, ಮಧ್ಯಾಹ್ನ ರಾಜೀನಾಮೆ ಬರೆದಿಟ್ಟಳು. ಅಲ್ಲಿಂದ ನೇರ ಗುಂಡಿ ಹೊಲಿಯುವಾಕೆಯ ಮಗಳ ಮನೆಗೆ ಹೋದಳು.

ಮಗಳು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಚಿಕ್ಕಮ್ಮ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಟ್ಯೂಬುಗಳ ಸಾಲು, ಬಿಟ್ಟುಕೊಟ್ಟ ಸರದಿ, ಗೊತ್ತಿದ್ದೂ ಕಳೆದ ಏಳು ದಿನ. ಮಗಳು ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ಕೇಳಿದಳು. ಹೊಡೆಯುತ್ತಾಳೆ ಎಂದುಕೊಂಡಿದ್ದಳಂತೆ ಚಿಕ್ಕಮ್ಮ. ಹೊಡೆದಿದ್ದರೆ ಚೆನ್ನಾಗಿತ್ತು ಎಂದೂ ಹೇಳುತ್ತಾಳೆ.

"ನಮ್ಮಮ್ಮ ಆ ಮೇಷ್ಟ್ರಿಗೆ ಶಾಪ ಹಾಕ್ತಾನೇ ಸತ್ತಳು," ಎಂದಳು ಮಗಳು. "ಅವರು ಪ್ರತಿ ಭಾನುವಾರ ಆಸ್ಪತ್ರೆಗೆ ಬರ್ತಿದ್ರು. ಒಂದಿನಾನೂ ಒಳಗೆ ಬಿಡಲಿಲ್ಲ ನಾವು. ಮೊಗಸಾಲೇಲಿ ಬೆಂಚಿನ ಮೇಲೆ ಕೂತಿದ್ದು ಹೊರಟುಹೋಗೋರು. ನಾನೇ ಒಂದ್ಸಲ ಅವರ ಮುಖಕ್ಕೆ ಉಗಿದೆ."

ಆಮೇಲೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಹೇಳಿದಳು: "ನನಗೆ ಹೇಳಿ ಹಗುರ ಮಾಡ್ಕೊಳೋಕೆ ಬಂದ್ರಾ? ಹೋಗಿ, ಅವರ ಹೆಂಡತಿಗೆ ಹೇಳಿ. ನಾನು ಉಗಿದದ್ದನ್ನೂ ಹೇಳಿ."

ಚಿಕ್ಕಮ್ಮ ಅಲ್ಲಿಂದ ನಡೆದೇ ಹೋದಳು. ಸೈಕಲ್ ಅಂಗಡಿಯ ಹಿಂದಿನ ಮನೆಯಲ್ಲಿ ಮೇಷ್ಟ್ರ ಹೆಂಡತಿ ಅವರ ಅಂಗಿಗಳನ್ನು ಮಡಿಸಿ, ಯಾರಿಗೋ ಕೊಡಲು ಗಂಟು ಕಟ್ಟುತ್ತಿದ್ದರು. "ಬಾಮ್ಮ," ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಆ ಜಾಗದಲ್ಲಿ ಕೂರದೆ ಎದುರಿಗೆ ನೆಲದ ಮೇಲೆ ಕೂತು ಚಿಕ್ಕಮ್ಮ ಹೇಳಿದಳು.

ಆಕೆಗೆ ಗೊತ್ತಿರಬಹುದು, ಗಂಡ ಹೆಂಡತಿಯ ನಡುವೆ ಇಂಥದು ಎಷ್ಟು ದಿನ ಮುಚ್ಚಿರುತ್ತದೆ ಎಂದು ಒಳಗೊಳಗೇ ಒಂದು ಆಸೆ ಇತ್ತು ಅವಳಿಗೆ. ಗೊತ್ತಿರಲಿಲ್ಲ. ಮೇಷ್ಟ್ರು ಒಂದು ಅಕ್ಷರವನ್ನೂ ಹೇಳಿರಲಿಲ್ಲ.

ಆಕೆ ಅಂಗಿಯ ತೋಳನ್ನು ಸವರುತ್ತಾ ಕೂತರು. ಬಾಗಿಲಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ನಾಲ್ಕು ವರ್ಷ," ಎಂದರು ಕೊನೆಗೆ. "ನಾಲ್ಕು ವರ್ಷ ದಿನಾ ಬೈದಿದ್ದೀನಿ ಅವರನ್ನ. ಒಂದು ಜೀವ ಕಳೆದ್ರಿ, ಅನ್ನಕ್ಕೂ ಕಲ್ಲು ಹಾಕಿದ್ರಿ, ಒಂದು ಹೆಸರು ನೆಟ್ಟಗೆ ಬರೆಯೋಕಾಗ್ಲಿಲ್ವಾ ಅಂತ. ಹಾಸಿಗೇಲಿ ಮಲಗಿದ್ದಾಗಲೂ ಅಂದಿದ್ದೀನಿ. ಅವರು ಗೋಡೆ ಕಡೆ ತಿರುಗಿಕೊಳ್ಳೋರು." ಅಂಗಿಯನ್ನು ಮಡಿಲಿಗೆ ಎಳೆದುಕೊಂಡರು. "ಅವರು ಇರೋವಾಗ ಒಂದ್ಸಲ ಬಂದು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಈಗ ನಾನು ಯಾರ ಹತ್ರ ಹೋಗಿ, ತಪ್ಪಾಯ್ತು ಅನ್ಲಿ?"

ಚಿಕ್ಕಮ್ಮ ಅವರ ಕಾಲು ಮುಟ್ಟಲು ಹೋದಳು. ಆಕೆ ಕಾಲು ಹಿಂದಕ್ಕೆ ಎಳೆದುಕೊಂಡರು. "ಎದ್ದು ಹೋಗಮ್ಮ. ಇನ್ನು ಇಲ್ಲಿಗೆ ಬರ್ಬೇಡ."

ಇದನ್ನೆಲ್ಲ ಚಿಕ್ಕಮ್ಮ ನನಗೆ ಹೇಳಿದ್ದು ನಾನು ಕಾಲೇಜು ಮುಗಿಸಿ ಮೊದಲ ಕೆಲಸಕ್ಕೆ ಸೇರುವ ಹಿಂದಿನ ಭಾನುವಾರ. ಉಪದೇಶ ಮಾಡುತ್ತಾಳೆ ಎಂದುಕೊಂಡು ನಾನು ಕೂತಿದ್ದೆ. ಅವಳು ಕಾಳು ಆರಿಸುತ್ತಾ, ಒಂದು ಕಡೆಯಿಂದ, ಏನನ್ನೂ ಬಿಡದೆ ಹೇಳುತ್ತಾ ಹೋದಳು. ಕೊನೆಯಲ್ಲಿ ಇಷ್ಟೇ ಅಂದಳು: "ತಪ್ಪು ಮಾಡೇ ಮಾಡ್ತೀಯ. ಅದಕ್ಕೆ ಹೆದರ್ಬೇಡ. ಗೊತ್ತಾದ ದಿನಾನೇ ಹೇಳು. ಮಾರನೇ ದಿನಕ್ಕೆ ಅದು ಬೇರೆಯದೇ ತಪ್ಪಾಗಿರುತ್ತೆ."

ಆ ಲ್ಯಾಬು ಬಿಟ್ಟ ಮೇಲೆ ಒಂದು ವರ್ಷ ಅವಳು ಮನೆಯಲ್ಲೇ ಇದ್ದಳು. ಆಮೇಲೆ ಊರಾಚೆಯ ಧರ್ಮಾಸ್ಪತ್ರೆಯೊಂದರ ರಕ್ತ ಪರೀಕ್ಷೆಯ ಕೋಣೆಗೆ ಸೇರಿದಳು. ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದಾಳೆ. ಮತ್ತೆ ಯಾವ ಸಂಶೋಧನಾಲಯಕ್ಕೂ ಅರ್ಜಿ ಹಾಕಲಿಲ್ಲ. ಮದುವೆಯ ಮಾತು ಎರಡು ಸಲ ಬಂತು. ಬಂದವರಿಗೆಲ್ಲ ಅವಳು ಈ ಕತೆಯನ್ನೇ ಮೊದಲು ಹೇಳಿದಳು, ಅವರು ಎದ್ದುಹೋದರು. "ಹೇಳ್ಬೇಕಾದಾಗ ಹೇಳ್ಲಿಲ್ಲ, ಈಗ ಹೇಳ್ಬಾರದ ಕಡೆಯೆಲ್ಲ ಹೇಳ್ತಾಳೆ," ಎಂದು ಅಜ್ಜಿ ಹಣೆ ಚಚ್ಚಿಕೊಂಡಳು. ಕೆಲಸ ಕಲಿಯಲು ಬರುವ ಹೊಸಬರಿಗೂ ಮೊದಲ ದಿನವೇ ಹೇಳುತ್ತಾಳೆ, ಮಾಡಿದವಳು ನಾನೇ ಎಂದು ಸೇರಿಸಿ. ಕೆಲವರು ಅವಳ ಹತ್ತಿರ ಕಲಿಯುವುದಿಲ್ಲ ಎಂದು ಬೇರೆ ಕಡೆ ಹೋದದ್ದೂ ಉಂಟು.

ಹೋದ ತಿಂಗಳು ನಾನು ಮನೆಗೆ ಹೋಗಿದ್ದೆ. ಚಿಕ್ಕಮ್ಮನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಊಟವಾದ ಮೇಲೆ ಅವಳು ತಟ್ಟೆ ತೊಳೆದು ಕೊಡುತ್ತಿದ್ದಳು, ನಾನು ಒರೆಸಿಡುತ್ತಿದ್ದೆ.

"ಮೇಷ್ಟ್ರ ಹೆಂಡತಿ ನಮ್ಮ ಆಸ್ಪತ್ರೆಗೆ ಬಂದಿದ್ರು, ಬುಧವಾರ," ಎಂದಳು.

ನಾನು ಒರೆಸುವುದನ್ನು ನಿಲ್ಲಿಸಿದೆ. "ನಿನ್ನ ಹತ್ರಾನಾ?"

"ಇಲ್ಲ. ಸಾಲಲ್ಲಿ ನಿಂತಿದ್ರು. ನನ್ನ ಕುರ್ಚಿ ಖಾಲಿಯಾಯ್ತು. ನನ್ನನ್ನ ನೋಡಿದ್ರು. ಹಿಂದಿನವರನ್ನ ಮುಂದೆ ಕಳಿಸಿ, ಪಕ್ಕದ ಹುಡುಗಿಯ ಕುರ್ಚಿ ಖಾಲಿಯಾಗೋವರೆಗೂ ಕಾದ್ರು."

"ಮಾತಾಡಿದ್ರಾ?"

ಅವಳು ಇಲ್ಲವೆಂದು ತಲೆಯಾಡಿಸಿ, ಇನ್ನೊಂದು ತಟ್ಟೆಯನ್ನು ನೀರಿಗೆ ಹಿಡಿದಳು.

"ಕಾಲು ಸ್ವಲ್ಪ ಎಳೀತಾರೆ. ಸಕ್ಕರೆ ತುಸು ಜಾಸ್ತಿ ಇದೆ," ಎಂದಳು. "ಮಿಕ್ಕಿದ್ದೆಲ್ಲ ಚೆನ್ನಾಗಿದೆ. ವರದಿ ಎರಡು ಸಲ ನೋಡಿದೆ."